ದೀಪ ಆರಿಸದ ಬೀದಿ

ಯುದ್ಧ ಶುರುವಾದ ಮೇಲಿನ ಎರಡನೇ ಬೇಸಿಗೆ. ಕಾವಲು ದೋಣಿಯ ಚುಕ್ಕಾಣಿಗನಿಗೆ ಶತ್ರುವಿನ ಜಲಾಂತರ್ಗಾಮಿಗಿಂತ ಹೆಚ್ಚು ಸಿಟ್ಟಿದ್ದದ್ದು ತನ್ನೂರಿನ ದೀಪಗಳ ಮೇಲೆ.

ಸಿಟ್ಟಿಗೆ ಕಾರಣವಿತ್ತು. ಗೋಧಿ, ಎಣ್ಣೆ, ಔಷಧಿ ಹೊತ್ತ ಹಡಗುಗಳನ್ನು ದಡದ ಗುಂಟ ಬಂದರಿನವರೆಗೆ ಕಾದು ತರುವುದು ಅವನ ದೋಣಿಯ ಕೆಲಸ. ನೀರೊಳಗಿನ ಸದ್ದು ಆಲಿಸಬೇಕು, ಅನುಮಾನ ಬಂದಲ್ಲಿ ಪೀಪಾಯಿಯಂಥ ಸಿಡಿಗುಂಡು ಉರುಳಿಸಬೇಕು. ಆದರೆ ಕಡಲತೀರದ ಬೀದಿಯುದ್ದಕ್ಕೂ ಹೋಟೆಲುಗಳ ಸಾಲು. ಸೂರ್ಯ ಮುಳುಗುವುದೇ ತಡ, ಝಗ್ಗನೆ ದೀಪ. ಆಚೆ ಕತ್ತಲಲ್ಲಿ ಹೊಂಚು ಹಾಕಿದವನಿಗೆ ಆ ಬೆಳಕಿನ ಮುಂದೆ ಹಾಯುವ ಹಡಗು ಸುಣ್ಣದ ಗೋಡೆಯ ಮೇಲಿನ ಹಲ್ಲಿಯಷ್ಟು ಸಲೀಸಾಗಿ ಕಾಣುತ್ತಿತ್ತು. ದೀಪ ಆರಿಸಿ ಎಂದು ನೌಕಾಪಡೆಯವರು ವರ್ತಕರ ಸಂಘವನ್ನು ಕೇಳಿಕೊಂಡಿದ್ದರು. "ಸೀಸನ್ ಮುಗೀಲಿ, ನೋಡೋಣ" ಅಂದಿತ್ತು ಸಂಘ. ಸಂಘದ ಅಧ್ಯಕ್ಷ ಬೇರೆ ಯಾರೂ ಅಲ್ಲ, ಚುಕ್ಕಾಣಿಗನ ಭಾವ, ಆ ಸಾಲಿನ ಎಲ್ಲಕ್ಕಿಂತ ದೊಡ್ಡ ಹೋಟೆಲಿನ ಯಜಮಾನ.

ಹೆತ್ತವರು ತೀರಿದ ಮೇಲೆ ಚುಕ್ಕಾಣಿಗನನ್ನು ಸಾಕಿದವಳು ಅಕ್ಕ. ಅಕ್ಕ ಬಡಿಸಿದ್ದೆಲ್ಲ ಭಾವನ ಅನ್ನವೇ. ಉಂಡ ಮನೆಗೆ ಎರಡು ಬಗೆದ ಅನ್ನಿಸಿಕೊಳ್ಳುವುದು ಬೇಡವೆಂದು ಅವನು ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಿದ್ದ.

ಆ ದಿನ ಗೋಧಿಯ ಹಡಗೊಂದು ಹೊತ್ತಿರುವಾಗಲೇ ಬಂದರು ಮುಟ್ಟಬೇಕಿತ್ತು. ಮುದಿ ಎಂಜಿನ್ನು, ಕೆಮ್ಮುತ್ತ ಕೆಮ್ಮುತ್ತ ತಡವಾಯಿತು. ಮುಸ್ಸಂಜೆಗೆ ಹೋಟೆಲು ಸಾಲಿನ ನೇರಕ್ಕೆ ಬಂದ ಕೂಡಲೇ ಟಾರ್ಪಿಡೊ ಅದರ ಪಕ್ಕೆ ಸೀಳಿತು. ಕಾವಲು ದೋಣಿ ಜಲಾಂತರ್ಗಾಮಿಯ ಬೆನ್ನು ಹತ್ತಿತು. ಸಿಡಿಗುಂಡುಗಳಿಗೆ ಬಲಿಯಾದದ್ದು ಒಂದಿಷ್ಟು ಮೀನು, ಅಷ್ಟೇ. ವಾಪಸು ಬರುವಾಗ ನೀರಿನ ಮೇಲೆ ಕರಿ ಎಣ್ಣೆ ಕೆನೆಗಟ್ಟಿತ್ತು, ಅಲ್ಲಲ್ಲಿ ಹೊತ್ತಿ ಉರಿಯುತ್ತಿತ್ತು. ಚುಕ್ಕಾಣಿಗ ಬಾಗಿ ಒಬ್ಬನ ಕೈ ಹಿಡಿದೆಳೆದ. ಬೆಂದ ಚರ್ಮ ಕೈಗವುಸಿನಂತೆ ಕಳಚಿ ಇವನ ಮುಷ್ಟಿಯಲ್ಲೇ ಉಳಿಯಿತು. ಆ ಮನುಷ್ಯ ಮುಳುಗಿಹೋದ.

ಅಷ್ಟರಲ್ಲಿ ಹಡಗಿನ ಬಾಯ್ಲರು ಸಿಡಿದು ಬೆಂಕಿ ಮುಗಿಲಿಗೇರಿತು. ಅದರ ಬೆನ್ನಿಗೇ ದಡದ ಕಡೆಯಿಂದ ಇನ್ನೊಂದು ಸದ್ದು ತೇಲಿಬಂತು, ತಗಡಿನ ಮೇಲೆ ಮಳೆ ಬಿದ್ದ ಹಾಗೆ.

"ಏನದು?" ಅಂದ ಎಂಜಿನ್ ಮೇಸ್ತ್ರಿ.

ಚುಕ್ಕಾಣಿಗ ತಲೆಯೆತ್ತಿ ನೋಡಿದ. ಭಾವನ ಹೋಟೆಲಿನ ತಾರಸಿಯ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಬೆಳಿಗ್ಗೆ, ಬದುಕುಳಿದವರನ್ನು ಆಸ್ಪತ್ರೆಗೆ ಸೇರಿಸಿ, ಎಣ್ಣೆ ಮೆತ್ತಿದ ಮೈಯಲ್ಲೇ ಅಕ್ಕನ ಮನೆಯ ಹಾದಿ ಹಿಡಿದ. ಮನೆಯೆಂದರೆ ಹೋಟೆಲಿನ ಹಿಂಬದಿಯ ಎರಡು ಕೋಣೆ. ದಡದಲ್ಲಿ ಆಳುಗಳು ಕಪ್ಪಾದ ಮರಳನ್ನು ಕೆರೆದು ಹೊಸ ಮರಳು ಹರವುತ್ತಿದ್ದರು. ಮೈಲಿಗೆ ಬಟ್ಟೆ ಒಯ್ಯುವ ಕೈಗಾಡಿಯಲ್ಲಿ ಯಾರನ್ನೋ ಮಲಗಿಸಿ ಮೇಜುಬಟ್ಟೆ ಹೊದಿಸಿದ್ದರು. ಬಟ್ಟೆ ಸಾಲದೆ ಪಾದಗಳು ಹೊರಗುಳಿದಿದ್ದವು; ಅಂಚಿನಲ್ಲಿ ಕಾಫಿಯ ಕಲೆ.

"ಬೇಗ ಬೇಗ! ಗಿರಾಕಿಗಳು ತಿಂಡಿಗೆ ಇಳಿಯೋ ಹೊತ್ತಾಯ್ತು," ಎಂದು ಕೂಗುತ್ತಿದ್ದ ಭಾವ ಇವನನ್ನು ಕಂಡು ಮೂಗಿಗೆ ಕರವಸ್ತ್ರ ಹಿಡಿದ. "ಅಯ್ಯೋ, ಏನಪ್ಪಾ ನಿನ್ನ ಅವತಾರ! ಹಿಂದಿನ ಬಾಗಿಲಿಂದ ಹೋಗು ಮಾರಾಯ. ನಿಮ್ಮಕ್ಕ ನೀರು ಕಾಯಿಸ್ತಾಳೆ."

ಅಕ್ಕ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ತಮ್ಮನ ಕತ್ತು, ಕಿವಿ, ಉಗುರುಸಂದಿ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಭಾವ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ ಹಿಡಿದುಕೊಂಡು ಒಳಬಂದು ಎದುರಿಗೇ ಕೂತ.

"ನಿನ್ನೆ ಚಪ್ಪಾಳೆ ಹೊಡೆದ್ರಲ್ಲ, ಭಾವ?"

"ಅವರಿಗೇನು ಗೊತ್ತಪ್ಪ, ಪಾಪ. ದೂರಕ್ಕೆ ಪಟಾಕಿ ಹಾಗೆ ಕಂಡಿರುತ್ತೆ."

"ದೀಪ ಆರಿಸಿದ್ರೆ ಹಡಗು ಉಳೀತಿತ್ತು."

"ಹೊಡೆಯೋನು ಹೇಗಿದ್ರೂ ಹೊಡೀತಾನೆ ಕಣೋ. ನಾನೊಬ್ಬ ಆರಿಸಿದ್ರೆ ಗಿರಾಕಿಗಳು ಪಕ್ಕದ ಹೋಟೆಲಿಗೆ ಹೋಗ್ತಾರೆ. ನಿನ್ನನ್ನ ಓದಿಸಿದ್ದೂ ಇದೇ ದೀಪಗಳೇ, ಮರೀಬೇಡ." ಭಾವನ ಮೀಸೆಯ ತುದಿಗೆ ಮೊಟ್ಟೆಯ ಹಳದಿ ಅಂಟಿತ್ತು. ಅವನು ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ನಿಜ ಹೇಳ್ಲಾ? ನಿನ್ನೆಯಿಂದ ಕಡಲ ಕಡೆ ಕೋಣೆಗಳಿಗೆ ಕಿತ್ತಾಟ. ಇನ್ಯಾವತ್ತು ನೋಡೋಕೆ ಸಿಗುತ್ತೆ ಅಂತ ಕೇಳ್ತಿದ್ದಾರೆ. ಯಾವ ಹಡಗು ಯಾವ ಹೊತ್ತಿಗೆ ಬರುತ್ತೆ ಅಂತ ನಿನಗೆ ಗೊತ್ತಿರುತ್ತಲ್ಲ... ಮನೆಯವನು ಅಂತ ಕೇಳ್ತಿದ್ದೀನಿ ಅಷ್ಟೆ."

ಚುಕ್ಕಾಣಿಗ ಉರಿಯೋ ಮನೆಯಲ್ಲಿ ಗಳ ಹಿರಿಯುವವರ ಕತೆ ಕೇಳಿದ್ದ. ಉರಿಯುವುದನ್ನೇ ಟಿಕೇಟು ಕೊಟ್ಟು ತೋರಿಸುವವರನ್ನು ಈಗ ಕಂಡ. ಬಚ್ಚಲಿಗೆ ಓಡಿ ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡ.

"ಉಪ್ಪುನೀರು ಕುಡಿದಿರ್ತಾನೆ," ಎಂದು ಬಾಗಿಲಾಚೆ ಭಾವ ಹೇಳುತ್ತಿದ್ದ. "ಬಿಸಿಬಿಸಿ ಏನಾದ್ರೂ ಕೊಡೇ."

ಸಂಜೆ ದೀಪ ಹತ್ತಿದ ಕೂಡಲೇ ಅವನು ಹೋಟೆಲಿನ ವಿದ್ಯುತ್ ಕೋಣೆಗೆ ನಡೆದ. ಬಾಗಿಲು ತಳ್ಳುವಷ್ಟರಲ್ಲಿ ಇಡೀ ಕಟ್ಟಡ ಕಪ್ಪಾಯಿತು. ಒಳಗೆ ಅಕ್ಕ ನೆಲದ ಮೇಲೆ ಕೂತಿದ್ದಳು, ಮಡಿಲ ತುಂಬ ಕಿತ್ತ ಫ್ಯೂಸುಗಳು.

"ನೀನು ಕಿತ್ತಿದ್ರೆ ಕೆಲಸ ಹೋಗುತ್ತೆ," ಅಂದಳು. "ನನ್ನನ್ನ ಯಾರು ಕೆಲಸದಿಂದ ತೆಗೀತಾರೆ? ಸಂಬಳ ಕೊಟ್ಟಿದ್ರೆ ತಾನೆ!"

ಇಬ್ಬರೂ ದಡಕ್ಕೆ ಬಂದು ತಿರುಗಿ ನೋಡಿದರು. ಅಷ್ಟುದ್ದದ ಬೆಳಕಿನ ಸಾಲಿನಲ್ಲಿ ಹಲ್ಲು ಬಿದ್ದ ಜಾಗದ ಹಾಗೆ ಒಂದೇ ಒಂದು ಕಪ್ಪು ಸಂದಿ. ಮಿಕ್ಕ ಹೋಟೆಲುಗಳು ಹಲ್ಲು ಕಿರಿಯುತ್ತಲೇ ಇದ್ದವು. ತಾರಸಿಯ ಮೇಲಿನ ಗುಜುಗುಜು ಅಡಗಿ, ಭಾವನ ಸ್ವರ ಕೇಳಿಸಿತು: "ಗಾಬರಿ ಬೇಡಿ ಮಹನೀಯರೇ! ನಾವೂ ದೇಶಕ್ಕಾಗಿ ದೀಪ ಆರಿಸಿದ್ದೀವಿ. ಇವತ್ತು ಮೇಣದಬತ್ತಿ ಊಟ!"

ಮತ್ತೆ ಚಪ್ಪಾಳೆ.

"ಥೂ!" ಅಂದಳು ಅಕ್ಕ. ಫ್ಯೂಸುಗಳನ್ನು ಕಡಲಿಗೆ ಎಸೆದು, ಮನೆಯ ಕಡೆ ತಿರುಗದೆ ಆಸ್ಪತ್ರೆಯ ದಾರಿ ಹಿಡಿದಳು. ಅಲ್ಲಿ ಸುಟ್ಟ ನಾವಿಕರ ಮೈ ತೊಳೆಯಲು ಕೈಗಳು ಸಾಲದಾಗಿದ್ದವು; ಅವಳು ಅಲ್ಲೇ ಉಳಿದಳು.

ಭಾವ ಮಾರನೇ ದಿನವೇ ಹೊಸ ಫ್ಯೂಸು ಹಾಕಿಸಿದ. ಬೀದಿಯ ದೀಪಗಳು ಆರಿದ್ದು ಸೀಸನ್ ಮುಗಿದು ಗಿರಾಕಿಗಳು ಗಂಟುಮೂಟೆ ಕಟ್ಟಿದ ಮೇಲೆಯೇ. ಅಷ್ಟರೊಳಗೆ ಇನ್ನೆರಡು ಹಡಗು ಅದೇ ಜಾಗದಲ್ಲಿ ಮುಳುಗಿದ್ದವು. ಎಲ್ಲರಿಗಿಂತ ಮೊದಲು ದೀಪ ಆರಿಸಿದ ಹೋಟೆಲೆಂದು ಭಾವನಿಗೆ ಬೆಳ್ಳಿಯ ಫಲಕ ಬಂತು. ಅದನ್ನು ಎತ್ತಿಕೊಂಡು, ಫೋಟೋದವನ ಜೊತೆ ದೋಣಿಕಟ್ಟೆಗೇ ಬಂದುಬಿಟ್ಟ.

"ಒಂದು ನಿಮಿಷ ಪಕ್ಕದಲ್ಲಿ ನಿಂತ್ಕೊಳೋ. ಸಮವಸ್ತ್ರ ಇದ್ರೆ ಚೆನ್ನಾಗಿ ಬರುತ್ತೆ. ನಿಮ್ಮಕ್ಕನಿಗೂ ಹೇಳು, ಆಗಿದ್ದು ಆಗಿಹೋಯ್ತು, ಮನೆಗೆ ಬರಲಿ."

"ಅವಳು ಬರಲ್ಲ, ಭಾವ."

"ನೀನಾದ್ರೂ ನಿಲ್ಲು."

ಚುಕ್ಕಾಣಿಗ ಬಗ್ಗಿ ಹಗ್ಗ ಬಿಚ್ಚಿದ. "ಕಾಲು ತೆಗೀರಿ, ಹಗ್ಗದ ಮೇಲೆ ನಿಂತಿದ್ದೀರಿ," ಅಂದ. ಭಾವನೊಡನೆ ಅವನು ಆಡಿದ ಕೊನೆಯ ಮಾತು ಅದು.

ಅಂದು ಮುಸ್ಸಂಜೆ ಔಷಧಿಯ ಹಡಗೊಂದು ಕತ್ತಲ ಬೀದಿಯ ಮುಂದೆ ಯಾರ ಕಣ್ಣಿಗೂ ಬೀಳದೆ ಹಾದು ಬಂದರು ಸೇರಿತು. ದೋಣಿಯವರೆಲ್ಲ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಚುಕ್ಕಾಣಿಗನೂ ನಗಲು ನೋಡಿದ. ಇಷ್ಟು ಸುಲಭವಾಗಿತ್ತಲ್ಲ ಅನ್ನಿಸಿ ಬಾಯೆಲ್ಲ ಕಹಿಯಾಯಿತು.