ದಾರಿ ತಪ್ಪಿದ ಸವಾರ

ನಮ್ಮ ನರೀನ್ ಪೇಟೆಯ ನಾಟಕ ತಂಡದಲ್ಲಿ ಎಲ್ಲರಿಗೂ ಬೇರೆ ಬೇರೆ ಉದ್ಯೋಗ. ಬುರುಲ್ಚಾ ಹಲ್ಲಿನ ಡಾಕ್ಟರು. ನಾಟಕದ ದಿನ ಮಾತ್ರ ರಂಗದ ಪಕ್ಕದ ಪರದೆಯ ಹಿಂದೆ ನೆಲಕ್ಕೆ ಕೂತು ಗಾಳಿ, ಗುಡುಗು, ಕುದುರೆ ಎಲ್ಲದರ ಸದ್ದೂ ಆಗುತ್ತಿದ್ದಳು. ಮರದ ಬಟ್ಟಲುಗಳನ್ನು ಬೋರಲು ಹಿಡಿದು ಜಲ್ಲಿಯ ಮೇಲೆ ಬಡಿದರೆ ಬೆಟ್ಟದ ಹಾದಿ, ಹಲಗೆಯ ಮೇಲೆ ಬಡಿದರೆ ಸೇತುವೆ, ನೀರಿನ ಬೋಗುಣಿಗೆ ಇಳಿಸಿದರೆ ಹೊಳೆ. ಕುದುರೆಯ ಬೆನ್ನ ಮೇಲೆ ಬೆಳೆದ ಜನ ನಮ್ಮವರು. ಒಂದು ಹೆಜ್ಜೆ ತಪ್ಪಿದರೂ ಸಭೆ ನಕ್ಕುಬಿಡುತ್ತದೆ. ಅವಳ ಕುದುರೆಗೆ ಯಾರೂ ನಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಯುದ್ಧಕ್ಕೆ ಹೋದ ಗಂಡ ಮರಳುವ ಕಡೆಯ ದೃಶ್ಯ ಶುರುವಾಗಿತ್ತು. ಹೆಂಡತಿಯ ಪಾತ್ರದ ಸೋನುನ್‌ಬೂಬು ಡೇರೆಯ ಬಾಗಿಲಲ್ಲಿ ಕಾಯುತ್ತಿದ್ದಳು. ಗಂಡನಾಗಬೇಕಿದ್ದ ತೆಮಿರ್‌ಖಾನ್ ಮಾತ್ರ ಇರಲಿಲ್ಲ. ಆಂಬುಲೆನ್ಸ್ ಓಡಿಸುವವನು ಅವನು. ಮೇಲಿನ ಹಳ್ಳಿಯಲ್ಲಿ ಹೆರಿಗೆ ನೋವೆಂದು ಕರೆ ಬಂದಾಗ, ನನ್ನ ಪಾತ್ರ ಕೊನೆಗೆ ತಾನೇ, ಬಂದುಬಿಡ್ತೀನಿ ಎಂದು ಸೈನಿಕನ ವೇಷದಲ್ಲೇ ಹೋಗಿದ್ದ.

ನಿರ್ದೇಶಕ ಇಶೆನ್‌ಬಾಯ್ ಬೆವರುತ್ತ ಬುರುಲ್ಚಾಳ ಬಳಿ ಬಂದ. "ಅಕ್ಕಾ, ಅವನು ಈಗ ಆಸ್ಪತ್ರೆ ಬಿಟ್ಟನಂತೆ. ಪರದೆ ಎಳೆಸ್ತೀನಿ."

"ಎಳೆಸಿದ್ರೆ ನೋಡು ಮತ್ತೆ! ಕುದುರೆ ನನ್ನ ಕೈಲಿದೆ. ಸ್ವಲ್ಪ ತಡವಾಗಿ ಬರುತ್ತೆ, ಅಷ್ಟೇ."

"ಎಷ್ಟೊತ್ತು ಅಂತ ಬಡೀತೀರಾ?"

"ಅವನು ಬರೋ ತನಕ. ನೀನು ಹಿಂಬಾಗಿಲಲ್ಲಿ ನಿಂತು ಅವನನ್ನ ಒಳಕ್ಕೆ ನೂಕು ಸಾಕು."

ಮೊದಲು ದೂರದಲ್ಲಿ ಗೊರಸಿನ ಸದ್ದು. ಜಲ್ಲಿ ಹಾದಿ, ಆಮೇಲೆ ಹೊಳೆ. "ಬಂದ್ರು!" ಎಂದು ಸೋನುನ್‌ಬೂಬು ಮುಂದೆ ಬಂದಳು. ಸದ್ದು ತೀರ ಹತ್ತಿರವಾಗಿ, ಹೊರಳಿ, ದೂರ ಸರಿಯಿತು. ಅವಳ ಮುಖ ನಿಜಕ್ಕೂ ಕಳೆಗುಂದಿತು.

ಮುಂದಿನ ಸಾಲಿನಲ್ಲಿದ್ದ ಕುರಿ ಕಾಯುವ ಮುದುಕನೊಬ್ಬ ಎದ್ದು ನಿಂತ. "ಎಡಕ್ಕೆ ತಿರುಗೋ ಮಾರಾಯಾ! ಮನೆ ಇಲ್ಲಿದೆ!"

"ಮಂಜು ಮುಸುಕಿದೆ ಅಜ್ಜಾ, ಅವನಿಗೆ ಕಾಣ್ತಿಲ್ಲ," ಎಂದರು ಯಾರೋ ಹಿಂದಿನಿಂದ.

ಅದನ್ನು ಕೇಳಿದ್ದೇ ಬುರುಲ್ಚಾ ಒರಟು ಹಲಗೆಗೆ ಬಟ್ಟೆ ಉಜ್ಜಿ ಗಾಳಿ ಎಬ್ಬಿಸಿದಳು. ಸೋನುನ್‌ಬೂಬು ದೀಪ ಎತ್ತಿ ಹಿಡಿದು, "ಬೆಕ್ತೂರ್!" ಎಂದು ಗಂಡನನ್ನು ಕೂಗಿದಳು. ಸಭೆಯೆಲ್ಲ ಕೂಗಿತು. ಪರದೆಯ ಹಿಂದೆ ಕುದುರೆ ನಿಂತಿತು, ಫುರ್ರೆಂದಿತು, ತಿರುಗಿತು. ಬುರುಲ್ಚಾಳ ಮುಂಗೈ ಮರಗಟ್ಟಿತ್ತು. ಹೆಜ್ಜೆ ಮಾತ್ರ ಕೆಡಲಿಲ್ಲ. ಕುದುರೆ ಸೇತುವೆ ದಾಟುವಷ್ಟರಲ್ಲಿ ಇಶೆನ್‌ಬಾಯ್ ತೆಮಿರ್‌ಖಾನನನ್ನು ರಂಗಕ್ಕೆ ನೂಕಿದ.

ಏದುಸಿರು ಬಿಡುತ್ತಿದ್ದ ಅವನಿಗೆ ಪಾತ್ರದ ಮಾತು ಮರೆತೇಹೋಗಿತ್ತು. "ಹೆಣ್ಣು ಮಗು! ತಾಯಿ, ಮಗು ಇಬ್ರೂ ಚೆನ್ನಾಗಿದಾರೆ!"

"ಯಾರ ಮಗೂರೀ ಅದು?" ಎಂದಳು ಸೋನುನ್‌ಬೂಬು ಸೊಂಟದ ಮೇಲೆ ಕೈಯಿಟ್ಟು. ಸಭೆ ನಕ್ಕು ನಕ್ಕು ಸುಸ್ತಾಯಿತು. ಆಮೇಲೆ ಅವಳು ಅವನ ಕೈ ಹಿಡಿದು ಡೇರೆಯೊಳಗೆ ಕರೆದುಕೊಂಡು ಹೋದಾಗ ಅದೇ ಜನ ಕಣ್ಣೊರೆಸಿಕೊಂಡರು.

ಹೊರಗೆ ಆ ಮುದುಕ ಬುರುಲ್ಚಾಳಿಗಾಗಿ ಕಾಯುತ್ತಿದ್ದ. "ಮಗಳೇ, ಕುದುರೆ ಯಾವ ಬಣ್ಣದ್ದು?"

"ಕಂದು," ಎಂದಳು ತಡವರಿಸದೆ. "ಹಣೇಲಿ ಬಿಳಿ ಚುಕ್ಕೆ."

"ನಾನೂ ಹಾಗೇ ಅಂದ್ಕೊಂಡೆ," ಎಂದು ಅವನು ಟೋಪಿ ಸರಿಮಾಡಿಕೊಂಡು ನಡೆದ.