ಎಡಗಡೆಯಿಂದ ಬಂದ ಕಾರು

ಅಪಘಾತವಾದ ಹನ್ನೊಂದನೆಯ ದಿನ ವಿಮೆ ಕಂಪನಿಯಿಂದ ಬಂದ ಪತ್ರವನ್ನು ಅವಳು ಅಂಗಡಿಯ ಕೌಂಟರಿನ ಹಿಂದೆ ನಿಂತೇ ಓದಿದಳು. ಎರಡನೆಯ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. 'ಎದುರು ವಾಹನದ ಚಾಲಕರ ಹೇಳಿಕೆಯಂತೆ ತಾವು ಅತಿವೇಗದಲ್ಲಿ ಬಂದಿರುವುದೇ ಅಪಘಾತಕ್ಕೆ ಕಾರಣ. ವಿಚಾರಣೆ ಮುಗಿಯುವವರೆಗೆ ತಮ್ಮ ಕ್ಲೇಮ್ ತಡೆಹಿಡಿಯಲಾಗಿದೆ.'

ಅವಳದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವುದನ್ನು ನಾಲ್ಕು ವರ್ಷ ಓದಿ ಕಲಿತವಳು. ಬೀದಿಯವರಿಗೆಲ್ಲ ಅವಳು ಕನ್ನಡಕದಕ್ಕ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಅವಳು, ಅತ್ತೆ ಇಬ್ಬರೇ. ಅಪಘಾತದ ದಿನ ಕಾರಿನಲ್ಲಿ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮುಖ್ಯರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದಾಗ, ಬಲಗಡೆಯ ಅಡ್ಡರಸ್ತೆಯಿಂದ ಪಾರ್ಸೆಲ್ ಸಾಗಿಸುವ ಬಿಳಿ ವ್ಯಾನೊಂದು ನುಗ್ಗಿ ಹಿಂದಿನ ಬಾಗಿಲಿಗೇ ಗುದ್ದಿತ್ತು. ಅತ್ತೆಯ ಬಲಭುಜದ ಮೂಳೆ ಮುರಿಯಿತು. ವ್ಯಾನಿನವನು ಇಳಿದು ಬಂದವನೇ, "ಕಣ್ಣು ಕಾಣಲ್ವೇನ್ರೀ ನಿಮಗೆ? ಎಲ್ಲಿಂದ ಹಾರಿ ಬಂದ್ರಿ?" ಎಂದು ಕೂಗಾಡಿದ್ದ. ಅವಳು ನರಳುತ್ತಿದ್ದ ಅತ್ತೆಯ ಕಡೆಗೆ ಓಡಿದ್ದಳು.

ಮರುದಿನ ಗ್ಯಾರೇಜಿನಲ್ಲಿ ವಿಮೆಯ ಸರ್ವೇಯರ್ ಸಿಕ್ಕ. ನಜ್ಜುಗುಜ್ಜಾದ ಬಾಗಿಲಿನ ಫೋಟೋ ಹೊಡೆದುಕೊಂಡು, ರಟ್ಟಿನ ಮೇಲೆ ಫಾರಂ ಇಟ್ಟುಕೊಂಡು ಕೇಳಿದ.

"ಎಷ್ಟು ಸ್ಪೀಡಲ್ಲಿ ಇದ್ರಿ ಮೇಡಂ?"

"ನಲವತ್ತು... ನಲವತ್ತೈದು ಇರಬಹುದು."

"ಇರಬಹುದು ಅಂತ ಬರಿಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. ಒಂದು ನಂಬರ್ ಹೇಳಿ."

ಅವಳು ತಡವರಿಸಿದಳು. ಅವನು ಪೆನ್ನಿನ ಮುಚ್ಚಳ ಹಾಕಿದ. "ನೋಡಿ, ಆ ಮೂಲೆಯಲ್ಲಿ ಕ್ಯಾಮೆರಾ ಇಲ್ಲ. ವ್ಯಾನಿನವರು ಮಾತ್ರ ಖಡಾಖಂಡಿತ ಹೇಳ್ತಿದಾರೆ. ಗೆರೆ ಹತ್ರ ನಿಲ್ಲಿಸಿದೆ, ಎರಡೂ ಕಡೆ ನೋಡಿದೆ, ರಸ್ತೆ ಖಾಲಿ ಇತ್ತು ಅಂತ. ಇಪ್ಪತ್ತೆರಡು ವರ್ಷ ಗಾಡಿ ಓಡ್ಸಿದಾರೆ, ಒಂದು ಗೀರು ಇಲ್ಲ. ಹಾಗಾದ್ರೆ ನೀವು ಆಕಾಶದಿಂದ ಉದುರಿದ್ರಾ, ಇಲ್ಲ ನೂರರಲ್ಲಿ ಬಂದ್ರಾ?"

"ನಮ್ಮತ್ತೆ ನೋಡಿದಾರಲ್ಲ."

"ಮನೆಯವರ ಸಾಕ್ಷಿ ನಡಿಯಲ್ಲ. ಗಾಯ ಆಗಿರೋ ಕೇಸು ಬೇರೆ. ತಪ್ಪು ನಿಮ್ಮದು ಅಂತಾದ್ರೆ ಲೈಸೆನ್ಸ್ ಹೋಗತ್ತೆ, ಕೋರ್ಟಿಗೂ ಕರೀಬಹುದು."

ಮನೆಯಲ್ಲಿ ಅತ್ತೆ ಇದನ್ನು ಕೇಳಿ, ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿದ್ದರೂ ನಕ್ಕುಬಿಟ್ಟರು. "ನೀನು ಸ್ಪೀಡಾ? ನಿನ್ನ ಕಾರಲ್ಲಿ ಕೂತ್ರೆ ಪಕ್ಕದಲ್ಲಿ ನಡ್ಕೊಂಡು ಹೋಗೋರು ನಮಗಿಂತ ಮುಂಚೆ ಮನೆ ಸೇರ್ತಾರೆ ಕಣೇ!"

ಅವಳಿಗೆ ನಗು ಬರಲಿಲ್ಲ. ಅವತ್ತು ಮೀಟರಿನ ಮುಳ್ಳು ಎಲ್ಲಿತ್ತೆಂದು ನೆನಪಿಸಿಕೊಂಡಷ್ಟೂ ಅದು ಮೇಲೇರುತ್ತಿತ್ತು. ನಲವತ್ತು, ಐವತ್ತು, ಎಪ್ಪತ್ತು. ಅತ್ತೆಯ ಮೂಳೆ ಮುರಿದದ್ದು ತನ್ನಿಂದಲೇ ಇದ್ದರೆ? ಸ್ನಾನ ಮಾಡಿಸುವಾಗ ಆ ಭುಜದ ಕಪ್ಪಗಾದ ಚರ್ಮ ಕಂಡರೆ ಅವಳು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು.

ಈಗ ಈ ಪತ್ರ. ಅದನ್ನು ಮಡಚಿಟ್ಟು ತಲೆಯೆತ್ತಿದಾಗ, ಎದುರಿನ ಫುಟ್‌ಪಾತಿನಲ್ಲಿ ಅವನು ನಿಂತಿದ್ದ. ವ್ಯಾನಿನವನು. ಅದೇ ಅಗಲವಾದ ಭುಜ, ಮೊಣಕೈವರೆಗೆ ಮಡಚಿದ ಅದೇ ಬೂದು ಅಂಗಿ. ಅಂಗಡಿಯನ್ನೇ ದಿಟ್ಟಿಸುತ್ತಿದ್ದ.

ಪೊಲೀಸರು ಇಬ್ಬರಿಗೂ ಕೊಟ್ಟ ದೂರಿನ ಪ್ರತಿಯಲ್ಲಿ ಅವಳ ಅಂಗಡಿಯ ವಿಳಾಸ ಇತ್ತಲ್ಲ! ಕಾಲು ಗಂಟೆ ನಿಂತಿದ್ದು ಹೋದ. ಮರುದಿನ ಅದೇ ಹೊತ್ತಿಗೆ ಬಂದ. ಮೂರನೆಯ ದಿನವೂ. ಸರ್ವೇಯರಿಗೆ ಫೋನ್ ಮಾಡಿದರೆ, "ರಸ್ತೇಲಿ ನಿಂತ್ಕೊಳ್ಳೋದು ತಪ್ಪಲ್ವಲ್ಲ ಮೇಡಂ" ಎಂದ. ಅತ್ತೆಗೆ ಹೇಳಲು ಮನಸ್ಸಾಗಲಿಲ್ಲ. ಮನೆಗೆ ಹೋಗುವಾಗ ಎರಡು ಬೀದಿ ಸುತ್ತಿ ಹೋದಳು. ಬೆನ್ನ ಹಿಂದೆ ಯಾರ ಹೆಜ್ಜೆ ಕೇಳಿದರೂ ನಿಂತು ತಿರುಗುತ್ತಿದ್ದಳು. ಮನೆಯ ಚಿಲಕ ಹಾಕಿದ ಮೇಲೂ ಎದ್ದು ಹೋಗಿ ಎಳೆದು ನೋಡುತ್ತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ವ್ಯಾನನ್ನೇ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಒಳಗೆ ಬಂದು ಗಾಜಿನ ಬಾಗಿಲು ಮುಚ್ಚಿದ. ಅವಳು ಕೌಂಟರಿನ ಅಡಿಯಲ್ಲಿ ಫೋನಿಗೆ ತಡಕಾಡಿದಳು.

"ಏನು ಬೇಕು ನಿಮಗೆ?"

ಅವನು ಸುತ್ತ ನೋಡಿದ. "ಯಾರೂ ಇಲ್ವಾ?"

"ಇದಾರೆ. ಒಳಗೆ ಇದಾರೆ." ಸುಳ್ಳೆಂದು ಅವಳ ದನಿಯೇ ಹೇಳುತ್ತಿತ್ತು.

"ನನ್ನ ಕಣ್ಣು ನೋಡ್ತೀರಾ ಮೇಡಂ?" ಎಂದ ಅವನು.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಅವನು ನಿಂತಲ್ಲೇ ಹೇಳಿದ. ಎರಡು ತಿಂಗಳ ಹಿಂದೆ ಒಂದಿಡೀ ದಿನ ತಲೆ ಸಿಡಿದಿತ್ತಂತೆ. ಮಾತ್ರೆ ನುಂಗಿ ಕೆಲಸಕ್ಕೆ ಹೋಗಿದ್ದನಂತೆ. "ಅವತ್ತು ನಾನು ಸುಳ್ಳು ಹೇಳಿಲ್ಲ. ದೇವರಾಣೆ, ರಸ್ತೆ ಖಾಲಿನೇ ಇತ್ತು. ಆದ್ರೆ ಹೋದ ವಾರ ಇನ್ನೊಂದು ಆಯ್ತು. ಸೈಕಲ್ ಮೇಲೆ ಒಬ್ಬಳು. ಒಂದು ಗೇಣಲ್ಲಿ ತಪ್ಪಿದ್ಲು. ಅವಳೂ ಎಡಗಡೆಯಿಂದಾನೇ ಬಂದಿದ್ದು. ಕಂಪನಿ ಡಾಕ್ಟರ ಹತ್ರ ಹೋದ್ರೆ ಗಾಡಿ ಓಡಿಸಬಾರದು ಅಂತ ಬರೆದುಬಿಡ್ತಾರೆ. ಅದಕ್ಕೇ ನಿಮ್ಮ ಹತ್ರ..."

ಬಾಗಿಲು ತೆರೆದು ಹೊರಗೆ ಓಡಬಹುದಿತ್ತು. ಆದರೆ ಅವಳು ಒಳಕೋಣೆಯ ದೀಪ ಹಾಕಿದಳು. ಯಾಕೆಂದು ಆಮೇಲೂ ಅವಳಿಗೆ ಹೇಳಲಾಗಲಿಲ್ಲ.

ಅಕ್ಷರದ ಹಲಗೆಯ ಕೊನೆಯ ಸಾಲನ್ನೂ ಅವನು ಓದಿದ. ಎರಡೂ ಕಣ್ಣಿನಲ್ಲಿ. ಅವಳು ಕುರ್ಚಿ ಎಳೆದು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅವನ ಉಸಿರು ಅವಳ ಕೆನ್ನೆಗೆ ಬಡಿಯುತ್ತಿತ್ತು.

"ಒಂದು ಕಣ್ಣು ಮುಚ್ಕೊಳ್ಳಿ. ನನ್ನ ಮೂಗನ್ನೇ ನೋಡ್ತಿರಿ. ಬೆರಳು ಕಂಡ ತಕ್ಷಣ ಹೇಳಿ."

ಅವನ ಬಲಗಡೆಯಿಂದ ಬೆರಳು ತಂದಳು. "ಕಂಡ್ತು" ಎಂದ. ಎಡಗಡೆಯಿಂದ ತಂದಳು. ಕಿವಿ ದಾಟಿತು, ಕೆನ್ನೆ ದಾಟಿತು, ಮೂಗಿನ ನೇರಕ್ಕೇ ಬಂತು.

"ಶುರು ಮಾಡಿ ಮೇಡಂ" ಎಂದ ಅವನು.

ಇನ್ನೊಂದು ಕಣ್ಣಿಗೂ ಮಾಡಿದಳು. ಅದೇ.

"ಇದು ಕಣ್ಣಿನ ತೊಂದರೆ ಅಲ್ಲ. ತಲೆ ಒಳಗಿಂದು. ನಿಮಗೆ ಎರಡೂ ಕಣ್ಣಲ್ಲಿ ಎಡಭಾಗ ಕಾಣ್ತಾನೇ ಇಲ್ಲ. ಈಗ್ಲೇ ಆಸ್ಪತ್ರೆಗೆ ಹೋಗಬೇಕು. ಗಾಡಿ ಮುಟ್ಟಬಾರದು."

ಅವನು ಎದ್ದು ನಿಂತ. ಆ ಚಿಕ್ಕ ಕೋಣೆಯಲ್ಲಿ ಅವನ ತಲೆ ದೀಪಕ್ಕೆ ತಾಗುವಂತಿತ್ತು. "ಯಾರಿಗೂ ಹೇಳ್ಬೇಡಿ."

"ಹೇಳದೇ ಇರೋಕೆ ನನ್ನ ಕೈಲಾಗಲ್ಲ."

"ನನಗೆ ಬೇರೆ ಕೆಲಸ ಬರಲ್ಲ ಮೇಡಂ." ಅವನ ಮುಷ್ಟಿ ಬಿಗಿಯಾಯಿತು. ಹೊಡೆದೇಬಿಡುತ್ತಾನೆ ಎಂದುಕೊಂಡು ಅವಳು ಗೋಡೆಗೆ ಒರಗಿದಳು. ಅವನು ತಿರುಗಿ ಸರಸರ ಹೊರಟ. ಎಡಭುಜ ಬಾಗಿಲ ಚೌಕಟ್ಟಿಗೆ ಬಡಿದದ್ದೂ ಅವನ ಗಮನಕ್ಕೆ ಬರಲಿಲ್ಲ.

ವ್ಯಾನು ಸ್ಟಾರ್ಟ್ ಆದ ಸದ್ದು ಕೇಳಿಯೇ ಅವಳು ಓಡಿದ್ದು. ಕಾಲಿಗೆ ಚಪ್ಪಲಿ ಕೂಡ ಇರಲಿಲ್ಲ. ವ್ಯಾನಿನ ಮುಂದೆ ಹೋಗಿ ಎರಡೂ ಕೈ ಎತ್ತಿ, "ನಿಲ್ಲಿಸಿ!" ಎಂದು ಕಿರುಚಿದಳು. ಅವನು ನೇರವಾಗಿ ಮುಂದಕ್ಕೇ ನೋಡುತ್ತಿದ್ದ. ಆದರೂ ವ್ಯಾನು ಮುಂದೆ ಸರಿಯಿತು. ಬಂಪರು ಅವಳ ಮೊಣಕಾಲಿಗೆ ಒತ್ತಿತು. ಆಗ ಹೊಳೆಯಿತು. ಅವಳು ನಿಂತದ್ದು ಅವನ ಎಡಕ್ಕೆ. ಅವನ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ.

ಬಿದ್ದೆನೋ ಎದ್ದೆನೋ ಎಂದು ಅವಳು ಬಾನೆಟ್ಟಿಗೆ ಕೈಯೂರಿ ಅವನ ಬಲಗಡೆಗೆ ಜಿಗಿದು, ಗಾಜಿಗೆ ದಬದಬ ಬಡಿದಳು.

ಬ್ರೇಕು ಕಿರುಗುಟ್ಟಿತು. ಅವನು ಗಾಜು ಇಳಿಸಿದ. "ಎಲ್ಲಿದ್ರಿ ನೀವು?"

"ಇಲ್ಲೇ. ನಿಮ್ಮ ಮುಂದೆನೇ."

ಎಂಜಿನ್ ನಿಂತಿತು. ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟ. ಅವಳು ಕಿಟಕಿಯೊಳಗೆ ಕೈ ಚಾಚಿದಳು. "ಕೀ ಕೊಡಿ ಅಣ್ಣಾ." ಅಣ್ಣ ಎಂಬ ಮಾತು ತಾನಾಗಿ ಬಂದದ್ದು. ಅವನು ಕೊಟ್ಟ.

ಅಂಗಡಿಗೆ ಬೀಗ ಹಾಕಿ, ಟ್ಯಾಕ್ಸಿಯಲ್ಲಿ ಅವಳೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಇಳಿಯುವಾಗ ಅವನು, "ಆ ಸೈಕಲ್ ಹುಡುಗಿ ಬಿದ್ದಿದ್ರೂ ನನಗೆ ಗೊತ್ತಾಗ್ತಿರಲಿಲ್ಲ, ಅಲ್ವಾ?" ಎಂದು ಕೇಳಿದ. ಅವಳು ಅವನ ಎಡಗಡೆಗೆ ಬಂದು ತೋಳು ಹಿಡಿದಳು.

ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು. ಆ ತಲೆನೋವಿನ ದಿನವೇ ಆದದ್ದು. ಇನ್ನೂ ತಡಮಾಡಿದ್ದರೆ ದೊಡ್ಡ ಪಾರ್ಶ್ವವಾಯುವೇ ಆಗುತ್ತಿತ್ತು ಎಂದರು ಡಾಕ್ಟರು. ಹೋದ ನೋಟ ಮರಳುವುದು ಅನುಮಾನ. ವಾರ ಕಳೆದ ಮೇಲೆ ಅವನು ವಾರ್ಡಿಗೇ ಸರ್ವೇಯರನ್ನು ಕರೆಸಿಕೊಂಡು ಹೊಸ ಹೇಳಿಕೆ ಬರೆಸಿದ. ಆ ಫಾರಂನಲ್ಲಿ ಇದಕ್ಕೂ ಜಾಗ ಇರಲಿಲ್ಲವೆಂದು ಕಾಣುತ್ತದೆ, ಬೇರೆ ಹಾಳೆ ಲಗತ್ತಿಸಿದ್ದರು. ಅವಳ ಕ್ಲೇಮ್ ಪಾಸಾಯಿತು. ವ್ಯಾನಿನ ಕಂಪನಿ ಅವನಿಗೆ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ ಕೊಟ್ಟಿತು. ಅದು ಅವನಿಗೆ ಇಷ್ಟವಿಲ್ಲವೆಂದು ಸರ್ವೇಯರ್ ಹೇಳಿದ.

ಕಾರು ರಿಪೇರಿಯಾಗಿ ಬಂದ ದಿನ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಪ್ರತಿ ಅಡ್ಡರಸ್ತೆ ಬಂದಾಗಲೂ, ಮುಖ್ಯರಸ್ತೆಯಲ್ಲೇ ಇದ್ದರೂ, ಪೂರ್ತಿ ನಿಲ್ಲಿಸಿದಳು. ಅಲ್ಲಿ ಕಾಯುತ್ತಿದ್ದ ಗಾಡಿಯವರ ಮುಖ ನೋಡುತ್ತಿದ್ದಳು. ನಾನು ಕಾಣ್ತಿದೀನಾ ಇವರಿಗೆ?

ಹಿಂದಿನಿಂದ ಹಾರ್ನುಗಳು ಮೊಳಗಿದವು.

"ಬೈತಿದಾರೆ ಕಣೇ" ಎಂದರು ಅತ್ತೆ.

"ಬೈಲಿ ಬಿಡಿ ಅತ್ತೆ" ಎಂದಳು ಅವಳು. ಅಂಗೈಯ ಬೆವರನ್ನು ಸೀರೆಗೆ ಒರೆಸಿಕೊಂಡು, ಅಡ್ಡರಸ್ತೆಯಲ್ಲಿದ್ದವನು ತಲೆಯಾಡಿಸುವವರೆಗೂ ಕಾದಳು.