ಹರವಿ ಪಕ್ಕದ ತಂಪು

ಶಹಾಪುರದ ಆ ಓಣಿಯಲ್ಲಿ ಎಲ್ಲರ ಮನೆಗಳೂ ಪತ್ರಾಸಿನವೇ, ಕರೆಮ್ಮನದೂ ಹಾಗೇ. ಬಿಸಿಲೇರಿದರೆ ಮೇಲಿನ ತಗಡು ಟಕ್ ಟಕ್ ಎಂದು ಸಿಡಿಯುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಕರೆಮ್ಮನ ಕೈ ತಾನಾಗಿ ಮಗಳ ಹಣೆಗೆ ಹೋಗುತ್ತಿತ್ತು. ಹದಿನೈದರ ಸುಂದ್ರಮ್ಮ ಹುಟ್ಟಿದಾಗಿನಿಂದ ಎದ್ದು ನಡೆದವಳಲ್ಲ. ಮೈ ಕಾದರೆ ಅವಳಿಗೆ ಮೂರ್ಛೆ ಬರುತ್ತಿತ್ತು; ಹೋದ ಬೇಸಿಗೆಯಲ್ಲಿ ನಾಲ್ಕು ಸಲ ಬಂದಿತ್ತು. "ಮನಿ ತಂಪಿಡ್ರಿ" ಎಂದಿದ್ದರು ಡಾಕ್ಟರು. ತಂಪು ಎಲ್ಲಿಂದ ತರುವುದು?

ಶಿವರಾತ್ರಿ ಮುಗಿದ ಮರುವಾರ ಭಾಗಮ್ಮ ಬಂದಳು. ಇಂಜಿನಿಯರಿಂಗ್ ಓದಿದ ಹುಡುಗಿ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಯಾವ ಮನೆ ಎಷ್ಟು ಕಾಯುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಎಂದು ನಕಾಶೆ ಮಾಡುವ ಕೆಲಸ ಅವಳದು.

"ಎಲ್ಲಾ ಮನ್ಯಾಗೂ ಯಂತ್ರ ಇಡಾಕ ಆಗಂಗಿಲ್ಲಕ್ಕಾ. ಈ ಓಣ್ಯಾಗ ನಿಮ್ಮದೊಂದು ಮನಿ ಆರಿಸೇವಿ. ಇದರ ಮ್ಯಾಲಿಂದ ಉಳಿದ ಪತ್ರಾಸಿನ ಮನಿಗೋಳ್ದು ಕಂಪ್ಯೂಟರ್ ಅಂದಾಜು ಹಾಕ್ತದ. ಭಾಳ ಕಾಯೋ ಮನಿಗೋಳಿಗೆ ಮೊದಲು ಮ್ಯಾಲೆ ಬಿಳಿ ಬಣ್ಣ ಹೊಡಸ್ತಾರ, ಒಳಗ ಕಾವು ತಡಿಯೋ ತಟ್ಟಿ ಹಾಕಸ್ತಾರ."

"ಹಂಗಾರ ನಮ್ಮದ ಮೊದಲು ಬಿಡ್ರಿ ಅಕ್ಕೋರ! ಇಲ್ಲಿ ಒಲಿ ಹಚ್ಚಲಾರದನ ರೊಟ್ಟಿ ಬೇಯ್ತಾವ."

ಭಾಗಮ್ಮ ನಕ್ಕಳು. ಕಾವು ಅಳೆಯುವ, ಬೆಂಕಿಪೊಟ್ಟಣದಷ್ಟು ಯಂತ್ರವನ್ನು ಸುಂದ್ರಮ್ಮನ ಮಂಚದ ಮೇಲಿನ ಮೊಳೆಗೆ ತೂಗುಹಾಕಿದಳು. "ಹದಿನೈದು ದಿನ ಜ್ವಾಕಿ ಅಕ್ಕಾ. ಭಾಳ ನಾಜೂಕ ಅದ. ಕೆಟ್ಟರ ನಿಮ್ಮ ಮನಿ ಲೆಕ್ಕಕ್ಕ ಬರಂಗಿಲ್ಲ."

ಆ ಕೊನೆಯ ಮಾತು ಕರೆಮ್ಮನ ಎದೆಯಲ್ಲಿ ಕೂತಿತು. ಹೋದ ವರ್ಷ ಇದೇ ತಗಡಿನ ಕಾವಿಗೆ ಗಂಡನ ಮೊಬೈಲು ಉಬ್ಬಿ ಸತ್ತುಹೋಗಿತ್ತು. ಇದೂ ಕೆಟ್ಟರೆ ಮಗಳ ಗತಿ? ಮರುದಿನ ತಗಡು ಸಿಡಿಯುತ್ತಲೇ ಅವಳು ಸುಂದ್ರಮ್ಮನ ಮೈಮೇಲೆ ಒದ್ದೆ ಅರಿವೆ ಹಾಸಿದಳು. ಆಮೇಲೆ ಯಂತ್ರವನ್ನು ಮೊಳೆಯಿಂದ ತೆಗೆದು, ಮೂಲೆಯಲ್ಲಿ ತಣ್ಣಗೆ ಬೆವರುವ ಮಣ್ಣಿನ ನೀರ ಹರವಿಯ ಪಕ್ಕಕ್ಕಿಟ್ಟಳು.

"ಅದಕ್ಕೂ ನನ್ನಂಗ ಮೂರ್ಛಿ ಬರ್ತದೇನಬೇ ಯವ್ವಾ?" ಎಂದಳು ಸುಂದ್ರಮ್ಮ.

"ಬಾಯಿ ಮುಚ್ಚು. ನಿನ್ನ ಸಲುವಾಗೇ ಮಾಡಾಕತ್ತೇನಿ."

"ಹರವಿ ಮಗ್ಗಲಕ್ಕ ಒಬ್ಬರಿಗೇ ಜಾಗ ಐತಿ ಅನ್ನು" ಎಂದು ಮಗಳು ನಕ್ಕಳು.

ಹದಿನೈದು ದಿನವೂ ಹಾಗೇ ನಡೆಯಿತು. ಸಂಜೆ ತಂಪಾದ ಮೇಲೆ ಯಂತ್ರ ಮತ್ತೆ ಮೊಳೆಗೆ.

ಯುಗಾದಿ ಆದ ಮೇಲೆ ಭಾಗಮ್ಮ ನಕಾಶೆ ತಂದಳು. ಫೋನಿನಲ್ಲಿ ಓಣಿಗೆ ಓಣಿಯೇ ಹಸಿರಾಗಿತ್ತು.

"ಹಸರು ಅಂದ್ರ ಚಲೋ ಅಲ್ಲೇನ್ರಿ?" ಕರೆಮ್ಮ ಆಸೆಯಿಂದ ಕೇಳಿದಳು.

"ತಂಪಿನ ಮನಿ ಅಂತ ಅರ್ಥ ಅಕ್ಕಾ. ಕೆಂಪು ಇದ್ದವರಿಗೆ ಮೊದಲು. ನಿಮ್ಮ ಮನಿ ಲೆಕ್ಕದ ಮ್ಯಾಲಿಂದ ಇಡೀ ಓಣಿ ಹಸರಾಗೇದ. ನನಗೂ ಸೋಜಿಗ ಆಗೇದ, ಮಧ್ಯಾಹ್ನದಾಗ ನಿಮ್ಮ ಮನಿ ಇಷ್ಟು ತಂಪು ಹ್ಯಾಂಗ ಅಂತ."

ಕರೆಮ್ಮನ ಕಣ್ಣು ಹರವಿಯ ಕಡೆ ಹೋಯಿತು. ಎಲ್ಲವನ್ನೂ ಹೇಳಿದಳು. ಭಾಗಮ್ಮ ಫೋನಿನ ನಕಾಶೆ ಮುಚ್ಚಿದಳು. "ಮೊಳಿ ಬಿಟ್ಟು ತೆಗೀಬ್ಯಾಡ್ರಿ ಅಂತ ನಾ ಒಂದು ಮಾತು ಹೇಳಬೇಕಿತ್ತಕ್ಕಾ" ಎಂದಳು. ಅಲ್ಲಿಂದಲೇ ಮೂರು ಕಡೆ ಫೋನು ಮಾಡಿದಳು. ಬಣ್ಣ ಹೊಡೆಸುವ ಮನೆಗಳ ಪಟ್ಟಿ ಮೇಲಿನವರಿಗೆ ಹೋಗಿಯಾಗಿತ್ತು, ಇನ್ನು ಮುಂದಿನ ವರ್ಷ.

ಬೇಸಿಗೆ ಏರಿ ಊರ ಪಕ್ಕದ ಕಾಲುವೆಗೆ ನೀರು ನಿಲ್ಲಿಸಿದ ಮೇಲೆ, ಮಗಳ ಮೈಮೇಲೆ ಹಾಸಲು ಸೀರೆ ಅದ್ದಿ ತರುವುದಕ್ಕೂ ಜಾಗ ಉಳಿಯಲಿಲ್ಲ. ಕರೆಮ್ಮ ಮಂಚವನ್ನೇ ಹರವಿಯ ಪಕ್ಕಕ್ಕೆ ಎಳೆದಳು, ಕೊಡದ ನೀರನ್ನು ಗೋಡೆಗೆ ಸುರಿದಳು. ಮೇ ತಿಂಗಳ ಒಂದು ಮಧ್ಯಾಹ್ನ ಸುಂದ್ರಮ್ಮನಿಗೆ ಮೂರ್ಛೆ ಬಂತು, ಬಿಡಲಿಲ್ಲ. ಆಟೋ ದವಾಖಾನೆಯ ಬಾಗಿಲು ಮುಟ್ಟುವ ಮೊದಲೇ ಮಗಳ ಕೈ ತಾಯಿಯ ಕೈಯಲ್ಲಿ ತಣ್ಣಗಾಯಿತು.

ಮರುವರ್ಷ ಅದೇ ಹೊತ್ತಿಗೆ ಭಾಗಮ್ಮ ಮತ್ತೆ ಬಂದಳು. ಮತ್ತೆ ಮೊಳೆಯ ಕೆಳಗಿನ ಹಳೆ ಜಾಗಕ್ಕೆ ಬಂದಿದ್ದ ಖಾಲಿ ಮಂಚ ನೋಡಿ ಹೊಸ್ತಿಲಲ್ಲೇ ನಿಂತಳು. ಕರೆಮ್ಮ ತಾನೇ ಯಂತ್ರ ಇಸಿದುಕೊಂಡು ಮೊಳೆಗೆ ಹಾಕಿದಳು.

ಮಧ್ಯಾಹ್ನ ತಗಡು ಸಿಡಿಯತೊಡಗಿತು. ರೂಢಿಯಂತೆ ಅವಳ ಕೈ ಯಂತ್ರದವರೆಗೂ ಹೋಯಿತು. ಎದುರಿನ ಪತ್ರಾಸಿನ ಮನೆಯಲ್ಲಿ ಬಾಣಂತಿಯ ಕೂಸು ಕಾವಿಗೆ ಕಿರುಚಿ ಅಳುತ್ತಿತ್ತು. ಕರೆಮ್ಮ ಕೈ ಹಿಂದಕ್ಕೆ ತೆಗೆದು, ಸೆರಗಿನಲ್ಲಿ ಸುತ್ತಿಕೊಂಡು, ಯಂತ್ರದ ಕೆಳಗೆ ಮಗಳ ಮಂಚದ ಮೇಲೆ ಸಂಜೆಯವರೆಗೂ ಕೂತಳು.